ಪೂರ್ವ ಪ್ರಷ್ಯಾದ ನೈಡೆನ್‌ಬುರ್ಗ್ ಕ್ರೈಸ್: ಯಾವ ಊರು, ಯಾವ ವರ್ಷ, ಯಾವ ಕಚೇರಿ?

ನಕ್ಷೆಗೆರೆ:
ನೈಡೆನ್‌ಬುರ್ಗ್ ಕ್ರೈಸಿನ ಆಡಳಿತ ಚರಿತ್ರೆ ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ ಶುರುಮಾಡುತ್ತಿದ್ದೇನೆ. ಕ್ರೈಸ್ ಅಂದರೆ ಪ್ರಷ್ಯಾದ ಜಿಲ್ಲೆ. ಜರ್ಮನಿಯ ಹಳೆಯ ಪ್ರಾಂತ್ಯವಾದ ಪೂರ್ವ ಪ್ರಷ್ಯಾದ ದಕ್ಷಿಣ ಅಂಚಿನಲ್ಲಿ, ಮಸೂರಿಯಾ ಸೀಮೆಯಲ್ಲಿದ್ದ ಗ್ರಾಮಾಂತರ ಜಿಲ್ಲೆ ಇದು. 1910ರ ನಕ್ಷೆ ತೆಗೆದರೆ ಸೋಲ್ಡಾವ್ ಪಟ್ಟಣ ಜಿಲ್ಲೆಯ ಒಳಗಿದೆ. 1925ರ ನಕ್ಷೆಯಲ್ಲಿ ಹೊರಗಿದೆ, 1941ರ ನಕ್ಷೆಯಲ್ಲಿ ಮತ್ತೆ ಒಳಗೆ ಬಂದಿದೆ. ಮೂರೂ ಸರಿಯಾದ ನಕ್ಷೆಗಳೇ. ಇದು ಗೊತ್ತಿಲ್ಲದೆ ಒಂದು ವರ್ಷದ ಅಂಕಿ ಇನ್ನೊಂದು ವರ್ಷದ ಗಡಿಗೆ ಹಚ್ಚಿ ಬರೆದ ಲೇಖನಗಳು ಬೇಕಾದಷ್ಟಿವೆ. ಇವತ್ತಿನ ಪೋಲೆಂಡಿನ ನಿಜಿತ್ಸಾ ಜಿಲ್ಲೆಯೇ ಹಳೆಯ ನೈಡೆನ್‌ಬುರ್ಗ್ ಅನ್ನುವ ಮಾತು ಕೂಡ ಹಾಗೇ ಹಬ್ಬಿದೆ. ಆಡಳಿತ, ಕೋರ್ಟು, ನೋಂದಣಿ, ಗಡಿ ಇವುಗಳಲ್ಲಿ ಯಾರಿಗೆ ಯಾವುದು ಚೆನ್ನಾಗಿ ಗೊತ್ತೋ ಅದನ್ನು ವರ್ಷ ಸಮೇತ ಬರೆಯಿರಿ.

ಹಳೇಕಡತ:
ಬುಡದಿಂದಲೇ ಬರೋಣ. ನೈಡೆನ್‌ಬುರ್ಗ್ ಟ್ಯೂಟಾನಿಕ್ ಆರ್ಡರ್ ಎಂಬ ಜರ್ಮನ್ ಕ್ರೈಸ್ತ ಯೋಧಸಂಘದ ಕೋಟೆಯ ಸುತ್ತ ಬೆಳೆದ ಪಟ್ಟಣ, ಅದಕ್ಕೆ ಪಟ್ಟಣದ ಸನ್ನದು ಸಿಕ್ಕಿದ್ದು 1381ರಲ್ಲಿ. ಸೋಲ್ಡಾವ್ ಅದಕ್ಕಿಂತ ಹಳೆಯದು, 1344ರದು. ದಕ್ಷಿಣಕ್ಕೆ ಪೋಲಿಷ್ ಸೀಮೆಯಾದ ಮಜೋವಿಯಾ. 1422ರ ಮೆಲ್ನೊ ಒಪ್ಪಂದದಿಂದ ಮುಂದೆ ಈ ದಕ್ಷಿಣದ ಗೆರೆ ಸುಮಾರು 500 ವರ್ಷ ಹೆಚ್ಚುಕಡಿಮೆ ಅಲ್ಲಾಡದೆ ನಿಂತಿತ್ತು. ಯುರೋಪಿನಲ್ಲಿ ಇಷ್ಟು ಕಾಲ ಬಾಳಿದ ಗಡಿಗಳು ಹೆಚ್ಚಿಲ್ಲ. 1795ರಿಂದ 1807ರವರೆಗೆ ಮಾತ್ರ ಗೆರೆಯ ಆಚೆಯ ಮ್ವಾವಾ ಕಡೆಯೂ ಪ್ರಷ್ಯಾದ ಕೈಯಲ್ಲಿತ್ತು, 'ಹೊಸ ಪೂರ್ವ ಪ್ರಷ್ಯಾ' ಅನ್ನುವ ಹೆಸರಲ್ಲಿ. ಆ 12 ವರ್ಷ ನೈಡೆನ್‌ಬುರ್ಗಿನ ದಕ್ಷಿಣದ ಗಡಿ ದೇಶದ ಗಡಿಯಾಗಿರಲಿಲ್ಲ, ಒಂದೇ ರಾಜ್ಯದ ಒಳಗಿನ ಗೆರೆಯಾಗಿತ್ತು.

ಕ್ರೈಸ್ ಅನ್ನುವ ಘಟಕ ಇಲ್ಲಿಗೆ ಬಂದದ್ದು 1752ರಲ್ಲಿ. ಆದರೆ ಆ ನೈಡೆನ್‌ಬುರ್ಗ್ ಕ್ರೈಸ್ ಬಹಳ ದೊಡ್ಡದು, ಆಮೇಲಿನ ಅಕ್ಕಪಕ್ಕದ ಜಿಲ್ಲೆಗಳ ನೆಲವೂ ಅದರಲ್ಲಿ ಸೇರಿತ್ತು. ನಾವು ಈಗ ಹೇಳುವ ಕ್ರೈಸ್ ಹುಟ್ಟಿದ್ದು ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ. 1815ರ ಏಪ್ರಿಲ್ 30ರ ಆಜ್ಞೆಯಿಂದ ಪ್ರಾಂತ್ಯಗಳನ್ನೂ ಪ್ರಾಂತ್ಯಕ್ಕೂ ಕ್ರೈಸಿಗೂ ನಡುವಿನ ಹಂತವಾದ ವಿಭಾಗಗಳನ್ನೂ ಹೊಸದಾಗಿ ಕಟ್ಟಿದರು, ಕೋನಿಗ್ಸ್‌ಬರ್ಗ್ ವಿಭಾಗದ ಕ್ರೈಸುಗಳು 1818ರ ಫೆಬ್ರವರಿ 1ರಿಂದ ಜಾರಿಗೆ ಬಂದವು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಗಡಿ ಹಾಕುವಾಗ ಸರ್ವೆ ಗೆರೆ ಎಳೆಯಲಿಲ್ಲ, ಚರ್ಚ್ ವ್ಯಾಪ್ತಿಗಳನ್ನು ಇಡಿಯಾಗಿ ಎತ್ತಿ ಕ್ರೈಸಿಗೆ ಸೇರಿಸಿದರು. ನೈಡೆನ್‌ಬುರ್ಗ್, ಸೋಲ್ಡಾವ್, ಜೆಡ್ವಾಬ್ನೊ, ಮುಷಾಕೆನ್, ಲಾನಾ ಇತ್ಯಾದಿ ಚರ್ಚ್‌ಗಳ ಊರುಗಳು ಸೇರಿದರೆ ಜಿಲ್ಲೆ. ಹಾಗಾಗಿ 19ನೇ ಶತಮಾನದ ಮೊದಲ ಅರ್ಧದಲ್ಲಿ ಊರಿನ ಚರ್ಚ್ ಯಾವುದು ಅಂತ ಗೊತ್ತಾದರೆ ಕ್ರೈಸ್ ಬಹುಪಾಲು ತಾನಾಗಿ ಗೊತ್ತಾಗುತ್ತದೆ. ಆಮೇಲಿನ ಕಾಲಕ್ಕೆ ಈ ಸೂತ್ರವನ್ನು ನಂಬಬೇಡಿ.

ಮೇಲಿನ ಹಂತದ ಬದಲಾವಣೆಗಳು ಚಿಕ್ಕವು. 1829ರ ಡಿಸೆಂಬರಿನಲ್ಲಿ ಪೂರ್ವ ಮತ್ತು ಪಶ್ಚಿಮ ಪ್ರಷ್ಯಾ ಸೇರಿ ಒಂದೇ 'ಪ್ರಷ್ಯಾ ಪ್ರಾಂತ್ಯ' ಆಯಿತು, 1878ರ ಏಪ್ರಿಲ್ 1ಕ್ಕೆ ಮತ್ತೆ ಎರಡಾಯಿತು. ಕ್ರೈಸಿನ ಕೆಲಸಕ್ಕೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಆದರೆ 1850ರ ಪತ್ರದಲ್ಲಿ 'ಪೂರ್ವ ಪ್ರಷ್ಯಾ ಪ್ರಾಂತ್ಯ' ಎಂದು ಅಚ್ಚಾದ ತಲೆಬರಹ ಕಂಡರೆ ಅನುಮಾನಪಡಿ, ಆಗ ಆ ಹೆಸರಿನ ಪ್ರಾಂತ್ಯವೇ ಇರಲಿಲ್ಲ.

ಸುಮಾ_ಲೆಕ್ಕ:
ಹಳೇಕಡತ ಸರ್, ಕ್ರೈಸಿನ ಮುಖ್ಯಸ್ಥನಾದ ಲಾಂಡ್‌ರಾಟ್ ಅಂದರೆ ನಮ್ಮ ಜಿಲ್ಲಾಧಿಕಾರಿ ಅಂತ ತಿಳಿದುಕೊಳ್ಳಬಹುದಾ? ಹಲವು ಕಡೆ ಹಾಗೇ ಅನುವಾದ ಮಾಡಿದ್ದಾರೆ.

ಕಾನೂನುಕಟ್ಟು:
ಅರ್ಧ ಸರಿ ಮೇಡಂ. ಲಾಂಡ್‌ರಾಟ್ ರಾಜನಿಂದ ನೇಮಕವಾದ ಅಧಿಕಾರಿ. ಪೊಲೀಸ್ ಮೇಲ್ವಿಚಾರಣೆ, ಸೈನ್ಯಕ್ಕೆ ಯುವಕರ ಪಟ್ಟಿ, ತೆರಿಗೆ, ಗ್ರಾಮಗಳ ಮೇಲಿನ ನಿಗಾ ಎಲ್ಲ ಅವನ ಕೈಯಲ್ಲಿತ್ತು. ಅಷ್ಟರಮಟ್ಟಿಗೆ ಜಿಲ್ಲಾಧಿಕಾರಿಯೇ. ಜೊತೆಗೆ ಕ್ರೈಸಿನ ಸ್ವಂತ ಸಭೆಯಾದ ಕ್ರೈಸ್‌ಟಾಗಿಗೂ ಅವನೇ ಅಧ್ಯಕ್ಷ. ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪಂಚಾಯ್ತಿ ಅಧ್ಯಕ್ಷ ಎರಡೂ ಒಬ್ಬನೇ ಆದಂತೆ. ಹೆಸರು ಸೂಚಿಸುವ ಹಕ್ಕು ಸಭೆಗಿತ್ತು, ನೇಮಿಸುವ ಹಕ್ಕು ರಾಜನದು. ಬಹುಕಾಲ ಆ ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಅದೇ ಸೀಮೆಯ ಭೂಮಾಲೀಕ ಮನೆತನದವರು.

1872ರ ಮುಂಚೆ ಕ್ರೈಸ್‌ಟಾಗ್ ಅಂದರೆ ಭೂಮಾಲೀಕರ ಸಭೆ ಅಂತಲೇ ಹೇಳಬೇಕು. ನೈಟ್ ಎಸ್ಟೇಟು (ವಿಶೇಷ ಹಕ್ಕುಗಳಿದ್ದ ದೊಡ್ಡ ಜಮೀನು) ಇದ್ದ ಪ್ರತಿಯೊಬ್ಬನಿಗೂ ಸ್ವಂತ ಓಟು. ಪಟ್ಟಣಗಳಿಗೂ ರೈತರಿಗೂ ಬೆರಳೆಣಿಕೆಯ ಪ್ರತಿನಿಧಿಗಳು. 1872ರ ಡಿಸೆಂಬರ್ 13ರ ಕ್ರೈಸ್ ಕಾಯ್ದೆ ಇದನ್ನು ಮುರಿಯಿತು, ಜಾರಿಗೆ ಬಂದದ್ದು 1874ರ ಜನವರಿ 1ಕ್ಕೆ. ಮೇಲ್ಮನೆಯ ಭೂಮಾಲೀಕರು ಮಸೂದೆಯನ್ನು ತಳ್ಳಿಹಾಕಿದ್ದರಿಂದ ರಾಜನಿಂದ ಹೊಸ ಸದಸ್ಯರನ್ನು ನೇಮಿಸಿ ಪಾಸು ಮಾಡಿಸಬೇಕಾಯಿತು. ಅಷ್ಟು ಹಟ ಯಾಕೆ ಅಂದರೆ, ತನ್ನ ಜಮೀನಿನೊಳಗೆ ತಾನೇ ಪೊಲೀಸ್ ಆಗುವ ಹಕ್ಕನ್ನು ಕಾಯ್ದೆ ಭೂಮಾಲೀಕನಿಂದ ಕಿತ್ತುಕೊಂಡಿತು. ಊರಿನ ಮುಖ್ಯಸ್ಥಿಕೆ ತಂದೆಯಿಂದ ಮಗನಿಗೆ ಇಳಿಯುವ ಪದ್ಧತಿಯೂ ಹೋಯಿತು.

ಹೊಸ ಸಭೆಗೆ ಮೂರು ಗುಂಪಿನಿಂದ ಆಯ್ಕೆ: ದೊಡ್ಡ ಭೂಮಾಲೀಕರು, ಗ್ರಾಮಗಳು, ಪಟ್ಟಣಗಳು. ಮೊದಲ ಗುಂಪಿಗೆ ಸೇರಲು ವರ್ಷಕ್ಕೆ 75 ಟಾಲರ್, ಅಂದರೆ 225 ಮಾರ್ಕ್, ಭೂ ಮತ್ತು ಕಟ್ಟಡ ತೆರಿಗೆ ಕಟ್ಟಬೇಕಿತ್ತು. ದಿನನಿತ್ಯದ ಕೆಲಸಕ್ಕೆ ಲಾಂಡ್‌ರಾಟ್ ಜೊತೆ 6 ಜನರ ಸಮಿತಿ, ಅದರ ಹೆಸರು ಕ್ರೈಸ್‌ಆಉಸ್‌ಶುಸ್. ಹೆಂಡದಂಗಡಿ ಲೈಸೆನ್ಸು, ರಸ್ತೆ ತಕರಾರು, ಬಡವರ ಖರ್ಚು ಯಾವ ಗ್ರಾಮ ಕೊಡಬೇಕು ಅನ್ನುವ ಜಗಳ ಎಲ್ಲ ಇಲ್ಲಿಗೇ ಬರುತ್ತಿದ್ದವು. ಜನಜೀವನ ತಿಳಿಯಬೇಕಾದವರು ಲಾಂಡ್‌ರಾಟ್ ವರದಿಗಳಿಗಿಂತ ಈ ಸಮಿತಿಯ ಕಾಗದಗಳನ್ನು ಮೊದಲು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲರಿಗೂ ಸಮಾನ ಓಟು ಬಂದದ್ದು 1919ರಲ್ಲಿ.

ಗಡಿಕಲ್ಲು:
ಇದರ ಕೆಳಗಿನ ಹಂತ ಬಿಟ್ಟುಹೋಯಿತು. ಗೊಂದಲ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ.

ಹಳ್ಳಿಗಾಡಿನಲ್ಲಿ ಎರಡು ಬಗೆಯ ಘಟಕ. ಒಂದು ಲಾಂಡ್‌ಗೆಮೈಂಡೆ, ರೈತರ ಗ್ರಾಮ. ಅದಕ್ಕೆ ಮುಖ್ಯಸ್ಥನಿದ್ದ, ಗ್ರಾಮದ್ದೇ ಖಜಾನೆ ಇತ್ತು. ಇನ್ನೊಂದು ಗುಟ್ಸ್‌ಬೆತ್ಸಿರ್ಕ್, ಒಬ್ಬ ಭೂಮಾಲೀಕನ ಎಸ್ಟೇಟು. ಅಲ್ಲಿ ಸಭೆ ಇಲ್ಲ, ಓಟು ಇಲ್ಲ. ಶಾಲೆ, ರಸ್ತೆ, ಬಡವರ ಪೋಷಣೆ ಎಲ್ಲ ಮಾಲೀಕನ ಹೊಣೆ, ಅಧಿಕಾರವೂ ಅವನದೇ. ಸರಕಾರಿ ಕಾಡುಗಳೂ ಇದೇ ಬಗೆಯ ಘಟಕಗಳು, ಕಾಡಿನ ಅಧಿಕಾರಿಯೇ ಮುಖ್ಯಸ್ಥ. ಒಂದೇ ಹೆಸರಿನ ಗ್ರಾಮವೂ ಎಸ್ಟೇಟೂ ಅಕ್ಕಪಕ್ಕದಲ್ಲಿ ಇರುವುದು ಸಾಮಾನ್ಯ. ಜನಗಣತಿ ಪಟ್ಟಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಮಸಂಖ್ಯೆ, ಬೇರೆ ಬೇರೆ ಜನಸಂಖ್ಯೆ. ಒಂದನ್ನು ನೋಡಿ ಊರಿನ ಜನ ಇಷ್ಟೇ ಅಂದುಕೊಂಡರೆ ಅರ್ಧ ಊರು ಲೆಕ್ಕ ತಪ್ಪುತ್ತದೆ.

1874ರಲ್ಲಿ ಹಲವು ಗ್ರಾಮ ಮತ್ತು ಎಸ್ಟೇಟುಗಳನ್ನು ಗುಂಪು ಮಾಡಿ ಆಮ್ಟ್ಸ್‌ಬೆತ್ಸಿರ್ಕ್ ಮಾಡಿದರು. ಭೂಮಾಲೀಕರಿಂದ ತೆಗೆದ ಪೊಲೀಸ್ ಅಧಿಕಾರ ಇದರ ಮುಖ್ಯಸ್ಥನಿಗೆ ಹೋಯಿತು. ಅವನು 6 ವರ್ಷದ ಅವಧಿಗೆ ನೇಮಕವಾಗುವ, ಸಂಬಳವಿಲ್ಲದ ಗೌರವ ಅಧಿಕಾರಿ. ಆದರೆ ಕೆಲಸ ಬಿಟ್ಟು ಇದಕ್ಕೆ ಸಮಯ ಕೊಡಬಲ್ಲವರು ಯಾರು? ಮತ್ತೆ ಅದೇ ಭೂಮಾಲೀಕರು. ಕಾಯ್ದೆ ಮುಂಬಾಗಿಲಿಂದ ಕಳಿಸಿದವರು ಹಿಂಬಾಗಿಲಿಂದ ಬಂದು ಕೂತರು.

ಎಸ್ಟೇಟು ಘಟಕಗಳು ಹೋದದ್ದು ವೈಮರ್ ಕಾಲದಲ್ಲಿ, ಅಂದರೆ 1919–33ರ ಜರ್ಮನ್ ಗಣರಾಜ್ಯದಲ್ಲಿ. 1927ರ ಡಿಸೆಂಬರ್ 27ರ ಕಾಯ್ದೆಯ ಪ್ರಕಾರ 1928ರ ಸೆಪ್ಟೆಂಬರ್ 30ರ ಹೊತ್ತಿಗೆ ಪೂರ್ವ ಪ್ರಷ್ಯಾದ ಬಹುತೇಕ ಎಸ್ಟೇಟುಗಳನ್ನು ಪಕ್ಕದ ಗ್ರಾಮಗಳಿಗೆ ಸೇರಿಸಿದರು ಅಥವಾ ಹೊಸ ಗ್ರಾಮ ಮಾಡಿದರು. ದೊಡ್ಡ ಕಾಡುಗಳು ಮಾತ್ರ ಉಳಿದವು. ಅದಕ್ಕೇ 1925 ಮತ್ತು 1933ರ ಪಟ್ಟಿಗಳ ನಡುವೆ ಎಷ್ಟೋ ಹಳ್ಳಿಗಳ ಜನಸಂಖ್ಯೆ ದಿಢೀರನೆ ಏರಿದಂತೆ ಕಾಣುತ್ತದೆ. ವಲಸೆ ಬಂದವರಲ್ಲ ಅವರು, ಪಕ್ಕದ ಎಸ್ಟೇಟಿನ ಕೂಲಿಗಳು.

ಕಾನೂನುಕಟ್ಟು:
ಗಡಿಕಲ್ಲು ಅವರು ಹೇಳಿದ್ದಕ್ಕೆ ಕೋರ್ಟಿನ ಎಳೆ ಸೇರಿಸಬೇಕು. ಕೋರ್ಟಿನ ವ್ಯಾಪ್ತಿ ಕ್ರೈಸಿನ ಜೊತೆ ಹೆಜ್ಜೆ ಹಾಕಲಿಲ್ಲ.

1849ರವರೆಗೆ ಭೂಮಾಲೀಕನಿಗೆ ಸ್ವಂತ ನ್ಯಾಯಾಲಯ ಇಟ್ಟುಕೊಳ್ಳುವ ಹಕ್ಕಿತ್ತು. ಆ ವರ್ಷ ಅದು ರದ್ದಾಗಿ ನೈಡೆನ್‌ಬುರ್ಗಿನಲ್ಲಿ ಕ್ರೈಸ್ ನ್ಯಾಯಾಲಯ ಬಂತು. ಅದಕ್ಕೂ ಮೊದಲಿನಿಂದ ನ್ಯಾಯದ ಕೆಲಸ ನಡೆಯುತ್ತಿದ್ದದ್ದು ಹಳೆಯ ಕೋಟೆಯಲ್ಲಿ. 1820ರ ದಶಕದ ಕೊನೆಯಲ್ಲಿ ಪಾಳುಬಿದ್ದ ಕೋಟೆಯನ್ನು ದುರಸ್ತಿ ಮಾಡಿಸಿ ನ್ಯಾಯಾಲಯ, ಸೆರೆಮನೆಗೆ ಅಣಿಮಾಡಿಸಿದ್ದು ಅಲ್ಲಿನ ನ್ಯಾಯಾಧಿಕಾರಿ ಗ್ರೆಗೊರೋವಿಯಸ್. ರೋಮ್ ನಗರದ ಮಧ್ಯಯುಗದ ಚರಿತ್ರೆ ಬರೆದ ಫರ್ಡಿನಾಂಡ್ ಗ್ರೆಗೊರೋವಿಯಸ್ ಈ ನ್ಯಾಯಾಧಿಕಾರಿಯ ಮಗ, 1821ರಲ್ಲಿ ಇದೇ ಊರಲ್ಲಿ ಹುಟ್ಟಿದವನು.

1879ರ ಅಕ್ಟೋಬರ್ 1ಕ್ಕೆ ಇಡೀ ಜರ್ಮನಿಯ ಕೋರ್ಟು ವ್ಯವಸ್ಥೆ ಬದಲಾಯಿತು. ಈ ಕ್ರೈಸಿನಲ್ಲಿ ನೈಡೆನ್‌ಬುರ್ಗ್ ಮತ್ತು ಸೋಲ್ಡಾವ್ ಎಂಬ ಎರಡು ಆಮ್ಟ್ಸ್‌ಗೆರಿಖ್ಟ್ (ಕೆಳಹಂತದ ಕೋರ್ಟು), ಎರಡಕ್ಕೂ ಮೇಲಿನ ಕೋರ್ಟು ಅಲೆನ್‌ಶ್ಟೈನ್‌ನಲ್ಲಿ. ಆದರೆ ಲಾಂಡ್‌ರಾಟ್ ಮಾತ್ರ ಇನ್ನೂ ಕೋನಿಗ್ಸ್‌ಬರ್ಗಿಗೆ ವರದಿ ಕಳಿಸುತ್ತಿದ್ದ. 1905ರ ನವೆಂಬರ್ 1ಕ್ಕೆ ಅಲೆನ್‌ಶ್ಟೈನ್ ಹೊಸ ವಿಭಾಗವಾಗಿ, ಕೋನಿಗ್ಸ್‌ಬರ್ಗಿನಿಂದ ಅಲೆನ್‌ಶ್ಟೈನ್, ನೈಡೆನ್‌ಬುರ್ಗ್, ಓರ್ಟೆಲ್ಸ್‌ಬುರ್ಗ್, ಓಸ್ಟರೋಡೆ, ರ‍್ಯೋಸೆಲ್ ಈ 5 ಕ್ರೈಸುಗಳೂ, ಗುಂಬಿನೆನ್ನಿನಿಂದ 4 ಕ್ರೈಸುಗಳೂ ಬಂದವು. ಅಂದರೆ 26 ವರ್ಷ ಇಲ್ಲಿನ ಜನ ವ್ಯಾಜ್ಯಕ್ಕೆ ಒಂದು ಊರಿಗೆ, ಆಡಳಿತದ ಮೇಲ್ಮನವಿಗೆ ಇನ್ನೊಂದು ಊರಿಗೆ ಹೋಗಬೇಕಿತ್ತು.

ಇದರ ಪರಿಣಾಮ ದಾಖಲೆ ಹುಡುಕುವಾಗ ಗೊತ್ತಾಗುತ್ತದೆ. ಜಮೀನಿನ ಖಾತೆಪುಸ್ತಕ, ಅಂದರೆ ಗ್ರುಂಡ್‌ಬುಖ್, ಇರುತ್ತಿದ್ದದ್ದು ಆಮ್ಟ್ಸ್‌ಗೆರಿಖ್ಟ್‌ನಲ್ಲಿ, ಲಾಂಡ್‌ರಾಟ್ ಕಚೇರಿಯಲ್ಲಲ್ಲ. ಕ್ರೈಸಿನ ಕಡತಗಳಲ್ಲಿ ಆಸ್ತಿ ಪತ್ರ ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ.

ರೈಲುಹಾದಿ:
ಸೋಲ್ಡಾವ್ ಯಾಕೆ ಕೈಬಿಟ್ಟುಹೋಯಿತು ಅನ್ನುವುದಕ್ಕೆ ಉತ್ತರ ರೈಲ್ವೆ ನಕ್ಷೆಯಲ್ಲಿದೆ. ಮರಿಯೆನ್‌ಬುರ್ಗ್–ಮ್ವಾವಾ ಮಾರ್ಗ 1870ರ ದಶಕದ ಕೊನೆಯಲ್ಲಿ ತೆರೆಯಿತು. ದಾನ್‌ಜಿಗ್ ಬಂದರಿನ ಕಡೆಯಿಂದ ಡಾಯ್ಚ್ ಐಲಾವ್, ಸೋಲ್ಡಾವ್, ಇಲೋವೊ ದಾಟಿ ರಷ್ಯಾದ ಗಡಿ. ಆಚೆ ಮ್ವಾವಾದಿಂದ ವಾರ್ಸಾವರೆಗೆ ವಿಸ್ತುಲಾ ರೈಲ್ವೆ, ಅದು ರಷ್ಯದ ಅಗಲ ಗೇಜು. ಹಾಗಾಗಿ ಗಡಿಯಲ್ಲಿ ಸರಕು ಇಳಿಸಿ ಬೇರೆ ಡಬ್ಬಿಗೆ ಏರಿಸಬೇಕು. ಇಲೋವೊ ಪ್ರಷ್ಯಾ ಕಡೆಯ ಗಡಿ ನಿಲ್ದಾಣ. ರಷ್ಯಾದಿಂದ ಅಮೆರಿಕಕ್ಕೆ ಹೊರಟವರನ್ನು ತಪಾಸಣೆ ಮಾಡುವ ಠಾಣೆಯೂ ಅಲ್ಲಿತ್ತು. ಇನ್ನೊಂದು ಮಾರ್ಗ ಅಲೆನ್‌ಶ್ಟೈನ್‌ನಿಂದ ಹೋಹೆನ್‌ಶ್ಟೈನ್, ನೈಡೆನ್‌ಬುರ್ಗ್ ಮೂಲಕ ಬಂದು ಸೋಲ್ಡಾವ್‌ನಲ್ಲಿ ಕೂಡುತ್ತಿತ್ತು.

1919ರಲ್ಲಿ ವಾರ್ಸಾ–ದಾನ್‌ಜಿಗ್ ನೇರ ರೈಲುಮಾರ್ಗ ಪೂರ್ತಿ ಪೋಲೆಂಡಿನ ಕೈಯಲ್ಲಿ ಇರಬೇಕು ಅನ್ನುವ ಲೆಕ್ಕ ಬಂತು. ಆ ಮಾರ್ಗ ಪೂರ್ವ ಪ್ರಷ್ಯಾ ನೆಲ ಹಾಯುತ್ತಿದ್ದ ತುಂಡೇ ಸೋಲ್ಡಾವ್. ಸುಮಾರು 500 ಚದರ ಕಿಲೋಮೀಟರ್ ನೆಲ, ಜಂಕ್ಷನ್ ಸಮೇತ, 1920ರ ಜನವರಿ 10ರಂದು ವರ್ಸೇಲ್ಸ್ ಒಪ್ಪಂದ ಜಾರಿಯಾದ ದಿನ ಪೋಲೆಂಡಿಗೆ ಸೇರಿತು. ಜನಮತ ಕೇಳಲಿಲ್ಲ. ನೈಡೆನ್‌ಬುರ್ಗ್–ಸೋಲ್ಡಾವ್ ಮಾರ್ಗದ ಮಧ್ಯೆ ಅಂತರರಾಷ್ಟ್ರೀಯ ಗಡಿ ಬಂದು ಕೂತಿತು. ಪೋಲೆಂಡ್ ಅದನ್ನು ಜಾವ್‌ದೊವೊ (ಸೋಲ್ಡಾವ್‌ನ ಪೋಲಿಷ್ ಹೆಸರು) ಹೆಸರಿನ ಜಿಲ್ಲೆ ಮಾಡಿ ಪೊಮೆರೇನಿಯಾ ಪ್ರಾಂತ್ಯಕ್ಕೆ ಸೇರಿಸಿತು. 1938ರ ಏಪ್ರಿಲ್ 1ಕ್ಕೆ ಅದು ವಾರ್ಸಾ ಪ್ರಾಂತ್ಯಕ್ಕೆ ಹೋಯಿತು.

ಗಡಿಕಲ್ಲು:
ಜನಮತ ನಡೆದದ್ದು ಉಳಿದ ಭಾಗದಲ್ಲಿ, ಒಪ್ಪಂದದ 94 ಮತ್ತು 95ನೇ ವಿಧಿಗಳಂತೆ. ಅಲೆನ್‌ಶ್ಟೈನ್ ವಿಭಾಗದ ಜೊತೆ ಗುಂಬಿನೆನ್ ವಿಭಾಗದ ಓಲೆಟ್ಸ್‌ಕೊ ಕ್ರೈಸೂ ಸೇರಿತ್ತು. 1920ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಮೇಲಧಿಕಾರ ಮಿತ್ರರಾಷ್ಟ್ರಗಳ ಆಯೋಗದ್ದು, ಅಧ್ಯಕ್ಷ ಬ್ರಿಟನ್ನಿನ ಅರ್ನೆಸ್ಟ್ ರೆನಿ. ಹಾಗಾಗಿ ಆ ತಿಂಗಳುಗಳ ಆಡಳಿತದ ಕಾಗದಗಳು ಕೋನಿಗ್ಸ್‌ಬರ್ಗ್ ಕಡೆಗೆ ಮಾತ್ರ ಹೋಗಿವೆ ಅಂತ ತಿಳಿಯಬೇಡಿ.

ಓಟು 1920ರ ಜುಲೈ 11ಕ್ಕೆ. ಚೀಟಿಯ ಮೇಲಿದ್ದ ಆಯ್ಕೆ 'ಜರ್ಮನಿ' ಅಲ್ಲ, 'ಪೂರ್ವ ಪ್ರಷ್ಯಾ' ಅಥವಾ 'ಪೋಲೆಂಡ್'. ಇಡೀ ಪ್ರದೇಶದಲ್ಲಿ 3,63,209 ಓಟು ಪೂರ್ವ ಪ್ರಷ್ಯಾಕ್ಕೆ, 7,980 ಪೋಲೆಂಡಿಗೆ. ನೈಡೆನ್‌ಬುರ್ಗ್ ಕ್ರೈಸಿನಲ್ಲಿ 22,233 ಮತ್ತು 330. ಮಸೂರಿಯನ್ನರು ಮನೆಯಲ್ಲಿ ಪೋಲಿಷ್ ಬಗೆಯ ಮಾತಾಡುತ್ತಿದ್ದರು, ಆದರೆ ಲೂಥರನ್ ಪಂಥದವರು. ಆಚೆಯ ಮಜೋವಿಯಾ ಕ್ಯಾಥೊಲಿಕ್. ಭಾಷೆ ನೋಡಿ ಓಟು ಊಹಿಸಿದವರ ಲೆಕ್ಕ ಇಲ್ಲಿ ಕೆಟ್ಟಿತು. ಪೋಲೆಂಡ್ ಆಗ ಸೋವಿಯತ್ ಸೈನ್ಯದ ಎದುರು ಹಿಂದೆ ಸರಿಯುತ್ತಿತ್ತು ಅನ್ನುವುದನ್ನೂ ಮರೆಯಬಾರದು.

20 ವರ್ಷ ತುಂಬಿದ್ದು, ಆ ಪ್ರದೇಶದಲ್ಲಿ ಹುಟ್ಟಿದ್ದರೆ ಬೇರೆಲ್ಲಿ ವಾಸವಿದ್ದರೂ ಓಟು ಹಾಕಬಹುದಿತ್ತು. ರೂರ್ ಕಣಿವೆಯ ಗಣಿಗಳಿಗೆ ಹೋಗಿದ್ದ ಮಸೂರಿಯನ್ನರನ್ನು ಕರೆತರಲು ರೈಲು ಸಾಲದೆ ಸಮುದ್ರ ಮಾರ್ಗದ ಹಡಗು ಸೇವೆಯೂ ಆ ವರ್ಷವೇ ಶುರುವಾಯಿತು. ಸೋಲ್ಡಾವ್ ತುಂಡಿನಲ್ಲಿ ಹುಟ್ಟಿದವರಿಗೆ ಹುಟ್ಟಿನ ಆಧಾರದ ಮೇಲೆ ಈ ಹಕ್ಕು ಇರಲಿಲ್ಲ, ಯಾಕೆಂದರೆ ಅದು ಜನಮತದ ಪ್ರದೇಶಕ್ಕೇ ಸೇರಿರಲಿಲ್ಲ. ಒಂದೇ ಕ್ರೈಸಿನಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನನ್ನು ಕೇಳಿದರು, ಇನ್ನೊಬ್ಬನನ್ನು ಕೇಳಲಿಲ್ಲ. ಈ ಅನ್ಯಾಯದ ಬಗ್ಗೆ ಸಾಕಷ್ಟು ಬರೆದಿಲ್ಲ ಅಂತ ನನಗೆ ಅನ್ನಿಸುತ್ತದೆ.

ರೈಲುಹಾದಿ:
ಗಡಿಕಲ್ಲು ಅವರೇ, ಜನಮತದ ನಂತರವೂ ಮೂರು ಹಳ್ಳಿ ಪೋಲೆಂಡಿಗೆ ಹೋದವು: ಕ್ಲೈನ್ ಲೋಬೆನ್‌ಶ್ಟೈನ್, ಕ್ಲೈನ್ ನಾಪರ್ನ್, ಗ್ರೋಷ್ಕೆನ್. ಕೆಲವರು ಇವನ್ನು ನೈಡೆನ್‌ಬುರ್ಗಿನ ಲೆಕ್ಕಕ್ಕೆ ಬರೆಯುತ್ತಾರೆ. ಅವು ಪಕ್ಕದ ಓಸ್ಟರೋಡೆ ಕ್ರೈಸಿನವು.

ಸುಮಾ_ಲೆಕ್ಕ:
ಅಂಕಿಅಂಶ ಬಳಸುವವರಿಗೆ ಇಲ್ಲೇ ಎರಡು ಎಚ್ಚರಿಕೆ. 1910 ಮತ್ತು 1925ರ ಕ್ರೈಸ್ ಜನಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು 'ಯುದ್ಧದಿಂದ ಜನ ಕುಸಿದರು' ಎಂದು ತೀರ್ಮಾನಿಸಬಾರದು. 1914ರ ಆಗಸ್ಟಿನಲ್ಲಿ ನೈಡೆನ್‌ಬುರ್ಗ್ ಪಟ್ಟಣ ಸುಟ್ಟದ್ದು ನಿಜ, ಟಾನೆನ್‌ಬೆರ್ಗ್ ಕದನ ಈ ಸುತ್ತಿನಲ್ಲೇ ನಡೆದದ್ದೂ ನಿಜ. ಆದರೆ ಆ ಇಳಿಕೆಯ ದೊಡ್ಡ ಪಾಲು ಸೋಲ್ಡಾವ್ ಹೋದದ್ದರಿಂದ. ಹೋಲಿಸಬೇಕಾದರೆ 1910ರ ಊರುಪಟ್ಟಿ ತೆಗೆದುಕೊಂಡು ಸೋಲ್ಡಾವ್ ಕಡೆಯ ಗ್ರಾಮ, ಎಸ್ಟೇಟು, ಪಟ್ಟಣ ಒಂದೊಂದಾಗಿ ಕಳೆದು, ಉಳಿದದ್ದನ್ನು 1925ರ ಜೊತೆ ಇಡಬೇಕು. ಅಡ್ಡದಾರಿ ಇಲ್ಲ.

ಎರಡನೆಯದು 1939. ಆ ವರ್ಷದ ಜನಗಣತಿ ನಡೆದದ್ದು ಮೇ 17ಕ್ಕೆ, ಸೋಲ್ಡಾವ್ ಮತ್ತೆ ಸೇರಿದ್ದು ಅಕ್ಟೋಬರ್ 26ಕ್ಕೆ. ಹಾಗಾಗಿ '1939ರ ನೈಡೆನ್‌ಬುರ್ಗ್' ಎಂಬ ಜನಸಂಖ್ಯೆಯಲ್ಲಿ ಸೋಲ್ಡಾವ್ ಇಲ್ಲ, ಅದೇ ವರ್ಷದ ಕೊನೆಯ ನಕ್ಷೆಯಲ್ಲಿ ಇದೆ. ಈ ಎರಡನ್ನು ಸೇರಿಸಿ ಜನಸಾಂದ್ರತೆ ಲೆಕ್ಕ ಹಾಕಿದರೆ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ಹಳೇಕಡತ:
ಸುಮಾ ಮೇಡಂ ಹೇಳಿದ್ದಕ್ಕೆ ಹೆಸರುಗಳ ವಿಷಯ ಸೇರಿಸುತ್ತೇನೆ. 1938ರ ಜುಲೈನಲ್ಲಿ ನಾಜಿ ಆಡಳಿತ ಪೂರ್ವ ಪ್ರಷ್ಯಾದ ಸ್ಲಾವಿಕ್, ಬಾಲ್ಟಿಕ್ ಮೂಲದ ಊರಹೆಸರುಗಳನ್ನು ಸಾಮೂಹಿಕವಾಗಿ ಅಳಿಸಿತು. ಜೆಡ್ವಾಬ್ನೊ 'ಗೆಡ್ವಾಂಗೆನ್' ಆಯಿತು, ಗ್ರೋಸ್ ಕೊಸ್ಲಾವ್ 'ಗ್ರೋಸ್‌ಕೋಸೆಲ್' ಆಯಿತು. ಈ ಹೆಸರುಗಳ ಆಯುಸ್ಸು 7 ವರ್ಷ ಕೂಡ ತುಂಬಲಿಲ್ಲ. 1945ರ ಮೇಲೆ ಅವು ಜೆಡ್ವಾಬ್ನೊ, ಕೊಜ್ವೊವೊ. 1900ರ ದಾಖಲೆಯಲ್ಲಿ 'ಗೆಡ್ವಾಂಗೆನ್' ಅಂತ ಹುಡುಕಿದರೆ ಏನೂ ಬರುವುದಿಲ್ಲ. 1939ರ ಜನವರಿ 1ರಿಂದ 'ಕ್ರೈಸ್' ಬದಲು 'ಲಾಂಡ್‌ಕ್ರೈಸ್' ಎಂಬ ಹೆಸರು ಎಲ್ಲ ಕಡೆ ಬಂತು, ಅದು ಬರೀ ಹೆಸರಿನ ಬದಲಾವಣೆ.

ಸೋಲ್ಡಾವ್ ಮತ್ತೆ ಸೇರಿದ್ದನ್ನು 'ಮರಳಿ ಬಂತು' ಎಂದು ಎರಡು ಪದದಲ್ಲಿ ಬರೆದು ಮುಗಿಸಬಾರದು. ಆಕ್ರಮಿಸಿದ ನೆಲವನ್ನು ಆಜ್ಞೆಯಿಂದ ಸೇರಿಸಿಕೊಂಡದ್ದು ಅದು. ಆ ಚಳಿಗಾಲದಲ್ಲೇ ಸೋಲ್ಡಾವ್‌ನಲ್ಲಿ ಭದ್ರತಾ ಪೊಲೀಸರ ಶಿಬಿರ ಶುರುವಾಯಿತು. 1940ರ ಮೇ 21ರಿಂದ ಜೂನ್ 8ರ ನಡುವೆ ಆಸ್ಪತ್ರೆಗಳಿಂದ ಅಲ್ಲಿಗೆ ತಂದ 1,558 ಮನೋರೋಗಿಗಳನ್ನು ಎಸ್‌ಎಸ್ ಅಧಿಕಾರಿ ಲಾಂಗೆಯ ತಂಡ ಕೊಂದಿತು. ಪೋಲಿಷ್ ಕೈದಿಗಳೂ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಸತ್ತರು. ಶಿಬಿರದ ಆಜ್ಞೆಗಳು ಬರುತ್ತಿದ್ದದ್ದು ಕೋನಿಗ್ಸ್‌ಬರ್ಗಿನ ಭದ್ರತಾ ಪೊಲೀಸ್ ಮೇಲ್ವಿಚಾರಕ ಓಟೊ ರಾಶ್ ಕಡೆಯಿಂದ, ಲಾಂಡ್‌ರಾಟ್ ಮೂಲಕವಲ್ಲ. ಅದಕ್ಕೇ ಕ್ರೈಸಿನ ಕಡತಗಳನ್ನಷ್ಟೇ ನೋಡಿ ಆಡಳಿತ ಚರಿತ್ರೆ ಬರೆದವರ ಬರಹದಲ್ಲಿ ಶಿಬಿರವೇ ಕಾಣೆಯಾಗಿರುತ್ತದೆ. ಈ ನೆಲದ ಚರಿತ್ರೆ ಬರೆಯುವವರು ಅದನ್ನು ಬಿಡಲೇಬಾರದು.

ನಕ್ಷೆಗೆರೆ:
1945ರ ನಂತರದ್ದನ್ನು ನಾನು ಬರೆಯುತ್ತೇನೆ. ಜನವರಿಯಲ್ಲಿ ಸೋವಿಯತ್ ಸೈನ್ಯ ಬಂತು, ಆಮೇಲೆ ಪೋಲೆಂಡಿನ ಆಡಳಿತ. ನೈಡೆನ್‌ಬುರ್ಗ್ ನಿಜಿತ್ಸಾ ಆಯಿತು. ಪ್ರಷ್ಯಾ ಎಂಬ ರಾಜ್ಯವನ್ನೇ ಮಿತ್ರರಾಷ್ಟ್ರಗಳು 1947ರ ಫೆಬ್ರವರಿ 25ರ 46ನೇ ಕಾನೂನಿನಿಂದ ರದ್ದು ಮಾಡಿದವು. ಹೊರಹಾಕಲ್ಪಟ್ಟ ಜರ್ಮನರ ಕ್ರೈಸ್ ಸಂಘಕ್ಕೆ ರೂರ್‌ನ ಬೋಖುಮ್ ನಗರ 1953ರಲ್ಲಿ ಪೋಷಕ ನಗರವಾಯಿತು.

ಪೋಲೆಂಡಿನಲ್ಲಿ ಹಳೆಯ ಬಿರುಕು ಮಾಸಲಿಲ್ಲ. ನಿಜಿತ್ಸಾ ಓಲ್ಶ್ತಿನ್ (ಹಳೆಯ ಅಲೆನ್‌ಶ್ಟೈನ್) ಪ್ರಾಂತ್ಯದಲ್ಲಿತ್ತು, ಜಾವ್‌ದೊವೊ ವಾರ್ಸಾಕ್ಕೆ ಸೇರಿ 1950ರಲ್ಲಿ ಓಲ್ಶ್ತಿನ್‌ಗೆ ಬಂತು. 1975ರಲ್ಲಿ ಜಿಲ್ಲೆಗಳನ್ನೇ ತೆಗೆದುಹಾಕಿದಾಗ ಜಾವ್‌ದೊವೊ ಚೆಹಾನೂಫ್ ಪ್ರಾಂತ್ಯದ ಪಾಲಾಯಿತು. 1999ರಲ್ಲಿ ಜಿಲ್ಲೆಗಳು ಮರಳಿದಾಗ ಎರಡೂ ಬೇರೆ ಬೇರೆ ಜಿಲ್ಲೆಗಳಾಗಿ ವಾರ್ಮಿಯಾ–ಮಸೂರಿಯಾ ಪ್ರಾಂತ್ಯದಲ್ಲಿ ಕೂತವು.

ಈಗಿನ ನಿಜಿತ್ಸಾ ಜಿಲ್ಲೆಯಲ್ಲಿ 4 ಗ್ಮಿನಾ (ಜಿಲ್ಲೆಯ ಕೆಳಗಿನ ಸ್ಥಳೀಯ ಆಡಳಿತ ಘಟಕ): ನಿಜಿತ್ಸಾ, ಕೊಜ್ವೊವೊ, ಯಾನೊವೊ, ಯಾನೊವಿಯೆತ್ಸ್ ಕೊಶ್ಚೆಲ್ನಿ. ಕೊನೆಯ ಎರಡರ ಕೇಂದ್ರ ಊರುಗಳು ಮಜೋವಿಯಾದವು, 1914ಕ್ಕೆ ಮುಂಚೆ ರಷ್ಯಾದ ಕೆಳಗೆ ಇದ್ದವು. ಆದರೆ ಮುಷಾಕೆನ್, ಅಂದರೆ ಇಂದಿನ ಮುಶಾಕಿ, ಪ್ರಷ್ಯಾದ ಊರಾದರೂ ಈಗ ಯಾನೊವೊ ಗ್ಮಿನಾದಲ್ಲಿದೆ. ಜೆಡ್ವಾಬ್ನೊ ಪಕ್ಕದ ಶ್ಚಿತ್ನೊ ಜಿಲ್ಲೆಗೆ ಹೋಗಿದೆ. ಅದಕ್ಕೇ ಇವತ್ತಿನ ಜಿಲ್ಲೆಯ ಗಡಿಯನ್ನು ಹಳೆಯ ಕ್ರೈಸಿನ ಮೇಲೆ ಹೊದಿಸಿ ನೋಡಬಾರದು. 1:25,000 ಅಳತೆಯ ಹಳೆಯ ಮೆಸ್‌ಟಿಶ್‌ಬ್ಲಾಟ್ ಎಂಬ ಜರ್ಮನ್ ಸರ್ವೆ ನಕ್ಷೆಯ ಹಾಳೆಗಳಲ್ಲಿ ಕ್ರೈಸ್ ಗಡಿ ಗೆರೆ ಸಮೇತ ಸಿಗುತ್ತದೆ, ಆದರೆ ಹಾಳೆಯ ಅಂಚಿನಲ್ಲಿರುವ ತಿದ್ದುಪಡಿ ವರ್ಷ ನೋಡಿಕೊಳ್ಳಿ. ಸರ್ವೆಯ ವರ್ಷ ಹಳೆಯದಿದ್ದು ಗಡಿ ಮಾತ್ರ ಆಮೇಲೆ ತಿದ್ದಿದ್ದಿರಬಹುದು.

ಹೊಸಓದುಗ:
ಎಲ್ಲರಿಗೂ ನಮಸ್ಕಾರ. ಉದಾಹರಣೆಗೆ 1887ರಲ್ಲಿ ಜೆಡ್ವಾಬ್ನೊ ಸುತ್ತಿನ ಹಳ್ಳಿಯಲ್ಲಿ ಹುಟ್ಟಿದವರ ದಾಖಲೆ ಬೇಕು ಅಂದರೆ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು?

ಹಳೇಕಡತ:
1874ರ ಅಕ್ಟೋಬರ್ 1ರ ನಂತರದ್ದಾದ್ದರಿಂದ ಸರಕಾರಿ ನೋಂದಣಿ ಇರಬೇಕು. ಆ ದಿನದಿಂದ ಪ್ರಷ್ಯಾದಲ್ಲಿ ಜನನ, ಮದುವೆ, ಮರಣ ಬರೆಯುವ ಕೆಲಸ ಚರ್ಚಿನಿಂದ ಸ್ಟಾಂಡೆಸ್‌ಆಮ್ಟ್ ಎಂಬ ಸರಕಾರಿ ನೋಂದಣಿ ಕಚೇರಿಗೆ ಬಂತು. ಮೊದಲು ಊರಿನ ಹೆಸರು ಆ ಕಾಲದ ಜರ್ಮನ್ ಕಾಗುಣಿತದಲ್ಲಿ ಬೇಕು. 1905ರ ಜನಗಣತಿ ಆಧರಿಸಿದ ಪ್ರಷ್ಯಾದ ಊರುಪಟ್ಟಿಯಲ್ಲಿ ಆ ಸಾಲು ಹುಡುಕಿ. ಗ್ರಾಮವೋ ಎಸ್ಟೇಟೋ, ಚರ್ಚ್ ಯಾವುದು, ಸ್ಟಾಂಡೆಸ್‌ಆಮ್ಟ್ ಯಾವುದು, ಆಮ್ಟ್ಸ್‌ಬೆತ್ಸಿರ್ಕ್ ಯಾವುದು ಎಲ್ಲ ಅಲ್ಲೇ ಕಾಲಂಗಳಲ್ಲಿ ಇದೆ. ನೋಂದಣಿ ವ್ಯಾಪ್ತಿ ಸಾಮಾನ್ಯವಾಗಿ ಆಮ್ಟ್ಸ್‌ಬೆತ್ಸಿರ್ಕ್ ಜೊತೆ ಹೊಂದುತ್ತದೆ, ಪ್ರತಿಸಲವೂ ಅಲ್ಲ. 1887ಕ್ಕೂ 1905ಕ್ಕೂ ನಡುವೆ ವ್ಯಾಪ್ತಿ ಬದಲಾಗಿರಬಹುದು, ಹಾಗಾಗಿ ಸಿಗದಿದ್ದರೆ ಪಕ್ಕದ ಕಚೇರಿಯನ್ನೂ ನೋಡಿ.

ಆಮೇಲೆ ಪೋಲೆಂಡಿನ ಸರಕಾರಿ ದಾಖಲೆ ಸಂಗ್ರಹಗಳ ಆನ್‌ಲೈನ್ ಹುಡುಕಾಟಕ್ಕೆ ಹೋಗಿ, ಓಲ್ಶ್ತಿನ್ ಸಂಗ್ರಹ ಆರಿಸಿ, ಸ್ಟಾಂಡೆಸ್‌ಆಮ್ಟ್ ಹೆಸರು ಹಾಕಿ. ವ್ಯಕ್ತಿಯ ಹೆಸರು ಹಾಕಿ ಹುಡುಕಿದರೆ ಬಹುಪಾಲು ಬರುವುದಿಲ್ಲ, ಪಟ್ಟಿ ಇರುವುದು ಕಚೇರಿ ಮತ್ತು ವರ್ಷದ ಪ್ರಕಾರ. ಪೋಲೆಂಡಿನ ಕಾನೂನಿನಂತೆ ಜನನ ಪುಸ್ತಕ 100 ವರ್ಷ, ಮದುವೆ ಮತ್ತು ಮರಣದ್ದು 80 ವರ್ಷ ಸ್ಥಳೀಯ ನೋಂದಣಿ ಕಚೇರಿಯಲ್ಲೇ ಇರುತ್ತವೆ, ಅವಧಿ ಮುಗಿದ ಮೇಲೆ ಸಂಗ್ರಹಕ್ಕೆ ಬರುತ್ತವೆ. 1887ರದು ಆ ಅವಧಿ ದಾಟಿದೆ. ಪುಸ್ತಕ ಯುದ್ಧದಲ್ಲಿ ನಾಶವಾಗಿದ್ದರೆ ಅಲ್ಲಿಗೇ ಕೈಬಿಡಬೇಡಿ. ಪ್ರತಿ ನೋಂದಣಿಗೂ ಎರಡು ಪ್ರತಿ ಇತ್ತು, ಎರಡನೆಯದು ವರ್ಷ ಮುಗಿದ ಮೇಲೆ ಮೇಲ್ವಿಚಾರಕ ಅಧಿಕಾರಿಯ ಮೂಲಕ ಕೋರ್ಟಿಗೆ ಹೋಗುತ್ತಿತ್ತು. ಬರ್ಲಿನ್ನಿನ ನಗರ ಸಂಗ್ರಹದಲ್ಲೂ ಪೂರ್ವ ಪ್ರಾಂತ್ಯಗಳ ಕೆಲವು ಪುಸ್ತಕಗಳಿವೆ.

ಸುಮಾ_ಲೆಕ್ಕ:
ಓದುವ ಕಷ್ಟವನ್ನೂ ಹೇಳಿಬಿಡೋಣ. ಅಚ್ಚಾದ ಫಾರಂ ಇದ್ದರೂ ತುಂಬಿದ್ದು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯಲ್ಲಿ. ಅದರಲ್ಲಿ 'ಎ' ಮತ್ತು 'ನ್' ಅಕ್ಷರಗಳು ಒಂದೇ ಥರ ಕಾಣುತ್ತವೆ, 'ಉ' ಮೇಲೆ ಒಂದು ಕೊಕ್ಕೆ ಇರುತ್ತದೆ. ಅಚ್ಚಾದ ಪದಗಳು ಏನೆಂದು ಮೊದಲೇ ಗೊತ್ತಿದ್ದರೆ ಕೈಬರಹಕ್ಕೆ ಉಳಿಯುವುದು ಹೆಸರು, ಕಸುಬು, ಊರು, ತಾರೀಕು ಅಷ್ಟೇ. ತಾರೀಕನ್ನು ಅಂಕಿಯಲ್ಲಲ್ಲ, ಪದಗಳಲ್ಲಿ ಬರೆದಿರುತ್ತಾರೆ. ಸಹಿ ಬಾರದವರ ಜಾಗದಲ್ಲಿ ಮೂರು ಶಿಲುಬೆ ಗುರುತು.

ಜನನ ದಾಖಲೆಯಲ್ಲಿ ತಂದೆತಾಯಿಯ ಹೆಸರು, ಪಂಥ, ವಾಸದ ಊರು ಇರುತ್ತದೆ, ಅವರ ವಯಸ್ಸಾಗಲಿ ಹುಟ್ಟೂರಾಗಲಿ ಇರುವುದಿಲ್ಲ. ಅದಕ್ಕೆ ಅವರ ಮದುವೆಯ ದಾಖಲೆ ಬೇಕು, ಅದರಲ್ಲಿ ವಧೂವರರ ಹುಟ್ಟಿದ ದಿನ, ಊರು, ಇಬ್ಬರ ತಂದೆತಾಯಿಯ ಹೆಸರು ಎಲ್ಲ ಸಿಗುತ್ತದೆ. ಹಾಗಾಗಿ 1887ರ ಜನನ ಸಿಕ್ಕಿದ ಮೇಲೆ ಅದೇ ಸ್ಟಾಂಡೆಸ್‌ಆಮ್ಟ್‌ನ ಮದುವೆ ಪುಸ್ತಕವನ್ನು ಆ ವರ್ಷದಿಂದ ಹಿಂದಕ್ಕೆ 1874ರವರೆಗೆ ನೋಡಿ. ಮದುವೆ ಅದಕ್ಕೂ ಮುಂಚೆ ಆಗಿದ್ದರೆ ಜೆಡ್ವಾಬ್ನೊ ಚರ್ಚಿನ ಪುಸ್ತಕ.

ಗಡಿಕಲ್ಲು:
ಹೊಸಓದುಗ ಅವರೇ, ಊರು ಜೆಡ್ವಾಬ್ನೊ ಕಡೆಯದಲ್ಲದೆ ಸೋಲ್ಡಾವ್ ಕಡೆಯದಾಗಿದ್ದರೆ ಹುಡುಕಾಟವನ್ನು ಓಲ್ಶ್ತಿನ್‌ಗೆ ಮಾತ್ರ ಸೀಮಿತ ಮಾಡಬೇಡಿ. 1920ರಿಂದ 1939ರವರೆಗಿನ ಪುಸ್ತಕಗಳು ಪೋಲಿಷ್ ಭಾಷೆಯಲ್ಲಿ, ಪೋಲಿಷ್ ಕಾಗುಣಿತದಲ್ಲಿ ಇರುತ್ತವೆ. ಸಂಗ್ರಹ ಆರಿಸದೆ ಜಾವ್‌ದೊವೊ ಅಂತಲೂ ಸೋಲ್ಡಾವ್ ಅಂತಲೂ ಎರಡು ಸಲ ಹುಡುಕಿ.